ಜಪಾನಿನ ಕ್ಯೋಟೊದಿಂದ ಊದುಬತ್ತಿ, ಫ್ಯೂಟಾನ್ ಹಾಸಿಗೆ (ನೆಲಕ್ಕೆ ಹಾಸುವ ಜಪಾನಿ ಹತ್ತಿ ಹಾಸಿಗೆ) ಎರಡನ್ನೂ ಒಂದೇ ಸೂಟ್‌ಕೇಸಿನಲ್ಲಿ ತರಬಹುದೇ?

ಬೇಡ. ಎರಡನ್ನೂ ಒಟ್ಟಿಗೆ ಇಡಬೇಡಿ, ಹಾಸಿಗೆಯನ್ನಂತೂ ಕೊಳ್ಳಲೇಬೇಡಿ. ಅಮ್ಮನ ಪೂಜೆಗೆ ಜಪಾನಿ ಊದುಬತ್ತಿ, ಮನೆಗೆ ಮಲಗುವ ಸಾಮಾನು, ಎಲ್ಲ 23 ಕಿಲೋ ಒಳಗೆ: ನಿಮ್ಮ ಈ ಯೋಜನೆಯೇ ನನ್ನದೂ ಆಗಿತ್ತು.

ಕೆಟ್ಟದ್ದು ಗಾಳಿ ಹೀರಿ ತೆಗೆಯುವ ಪ್ಲಾಸ್ಟಿಕ್ ಚೀಲದಲ್ಲಿ. ಮಡಿಕೆಗಳ ನಡುವೆ ಮೆತ್ತಗಿರುತ್ತದೆ ಎಂದುಕೊಂಡು, ಹತ್ತಿ ತುಂಬಿದ ಹೊದಿಕೆಯೊಳಗೆ ಎರಡು ರಟ್ಟಿನ ಡಬ್ಬಿ ಅಗರು ಮರದ ಬತ್ತಿ ಸೇರಿಸಿ ಗಾಳಿ ತೆಗೆದೆ. ಬತ್ತಿಗಳು ಮುರಿದುಹೋದವು. ಇದು ಯಾಕೆ ತಪ್ಪು ಅಂತ ಬಿಡಿಸಿ ಹೇಳುತ್ತೇನೆ. ನಮ್ಮ ಊದುಬತ್ತಿಗೆ ಬಿದಿರು ಕಡ್ಡಿಯ ಬೆನ್ನೆಲುಬಿದೆ, ಬಾಗಿದರೂ ಮುರಿಯುವುದಿಲ್ಲ. ಅಲ್ಲಿಯ 'ಸೆಂಕೊ'ಗೆ ಕಡ್ಡಿಯೇ ಇಲ್ಲ. ತಾಬು ಎಂಬ ಮರದ ತೊಗಟೆ ಪುಡಿ ಅಂಟಾಗುತ್ತದೆ. ಅದಕ್ಕೆ ಸುಗಂಧದ ಪುಡಿ, ನೀರು ಸೇರಿಸಿ ನಾದಿ, ಶ್ಯಾವಿಗೆಯ ಹಾಗೆ ತೂತಿನಿಂದ ಒತ್ತಿ ತೆಗೆದು ಒಣಗಿಸುತ್ತಾರೆ. ಒಣಗಿದ ಶ್ಯಾವಿಗೆ ಹೇಗೆ ಮುರಿಯುತ್ತದೋ ಇದೂ ಹಾಗೆಯೇ. ಚೀಲದೊಳಗಿನ ಗಾಳಿ ಹೋದಾಗ ಹೊರಗಿನ ಗಾಳಿ ಆರೂ ಕಡೆಯಿಂದ ಒತ್ತುತ್ತದೆ. ಮೆತ್ತಗಿದ್ದ ಹೊದಿಕೆ ಹಲಗೆಯಂತೆ ಬಿಗಿಯುತ್ತದೆ, ರಟ್ಟು ಒಳಕ್ಕೆ ಕುಸಿಯುತ್ತದೆ. ಮೆತ್ತೆ ಬೇಕೆಂದು ಇಟ್ಟ ಜಾಗದಲ್ಲೇ ಮೆತ್ತೆ ಇಲ್ಲವಾಗುತ್ತದೆ.

ನಷ್ಟ ಅಷ್ಟಕ್ಕೇ ನಿಲ್ಲಲಿಲ್ಲ. ಅಗರಿನ ಎಣ್ಣೆ ಅಂಶ ಸುಲಭಕ್ಕೆ ಆರಿಹೋಗುವಂಥದ್ದಲ್ಲ, ಹತ್ತಿ ಅದನ್ನು ಹೀರಿ ಹಿಡಿದುಕೊಳ್ಳುತ್ತದೆ. ಮೂರು ಬಾರಿ ಒಗೆದು ಬಿಸಿಲಿಗೆ ಹಾಕಿದರೂ ವಾಸನೆ ಬಿಡಲಿಲ್ಲ. ದೇವರ ಮುಂದೆ ಅರ್ಧ ಗಂಟೆ ಹಿತವಾಗಿರುವ ವಾಸನೆ ರಾತ್ರಿಯಿಡೀ ಮೂಗಿನ ಹತ್ತಿರ ಇದ್ದರೆ ನಿದ್ದೆ ಬರುವುದಿಲ್ಲ. ಮುರಿದ ತುಂಡುಗಳನ್ನು ಮಾತ್ರ ಎಸೆಯಬೇಡಿ. ಅಗಲ ಬಾಯಿಯ ಬಟ್ಟಲಿಗೆ ಜರಡಿ ಹಿಡಿದ ಬೆರಣಿ ಬೂದಿಯನ್ನು ಎರಡು ಬೆರಳಷ್ಟು ತುಂಬಿ, ಒತ್ತದೆ ಸಡಿಲವಾಗಿ ಬಿಟ್ಟು, ತುಂಡಿನ ಒಂದು ತುದಿ ಹೊತ್ತಿಸಿ ಅಡ್ಡ ಮಲಗಿಸಿದರೆ ಕೊನೆಯವರೆಗೂ ಉರಿಯುತ್ತದೆ. ನಮ್ಮ ಊದುಬತ್ತಿ ಸ್ಟ್ಯಾಂಡಿನ ತೂತಿಗೆ ಇದು ಸರಿಯಾಗಿ ಕೂರುವುದಿಲ್ಲ, ಕೂತರೂ ತೂತಿನೊಳಗಿನ ಭಾಗ ಉರಿಯದೆ ಉಳಿಯುತ್ತದೆ.

ಕೊಳ್ಳಲು ಕ್ಯೋಟೊಗಿಂತ ಒಳ್ಳೆ ಊರಿಲ್ಲ. ನಿಶಿ ಹೊಂಗಾನ್‌ಜಿ ದೇವಾಲಯದ ಎದುರಿನ ಊದುಬತ್ತಿ ಅಂಗಡಿ ಕುಂಗ್ಯೊಕುದೊ 1594ರದ್ದು, ಇನ್ನೊಂದು ಅಂಗಡಿ ಶೊಯೆಯ್ದೊ 1705ರದ್ದು. ಮೂರು ಪದ ಕಲಿತುಕೊಳ್ಳಿ: ಬ್ಯಾಕುದಾನ್ ಅಂದರೆ ಶ್ರೀಗಂಧ, ಜಿಂಕೊ ಅಂದರೆ ಅಗರು, ಕ್ಯಾರಾ ಅಂದರೆ ಅಗರಿನಲ್ಲೇ ಅತ್ಯುತ್ತಮ ಜಾತಿ. ಬೆಲೆಯೂ ಇದೇ ಕ್ರಮದಲ್ಲಿ ಏರುತ್ತದೆ. ಪೂಜೆಗೆ ಬ್ಯಾಕುದಾನ್ ಸಾಕು. 'ರೋಜಾನ್ ಬ್ಯಾಕುದಾನ್' ಎಂದು ಹೆಚ್ಚಿನ ಬೆಲೆಗೆ ಮಾರುವುದು ನಮ್ಮ ಮೈಸೂರು ಕಡೆಯ ಶ್ರೀಗಂಧಕ್ಕೆ ಅಲ್ಲಿರುವ ಹೆಸರು. ಬಿದಿರು ಸುಡಬಾರದು ಎನ್ನುವ ಮನೆಯಾದರೆ ಸೆಂಕೊ ಅಮ್ಮನಿಗೆ ಇನ್ನೂ ಇಷ್ಟವಾದೀತು. ಹದಿಮೂರು ಹದಿನಾಲ್ಕು ಸೆಂಟಿಮೀಟರಿನ ಗಿಡ್ಡ ಬತ್ತಿ ಸುಮಾರು 25ರಿಂದ 30 ನಿಮಿಷ ಉರಿಯುತ್ತದೆ. ಜಪಾನಿ ಸ್ನೇಹಿತರ ಮನೆಗೆ ಮಾತ್ರ ಉಡುಗೊರೆಯಾಗಿ ಒಯ್ಯುವ ಮುನ್ನ ಯೋಚಿಸಿ, ಸಾವಾದ ಮನೆಗೆ ಸೆಂಕೊ ಕೊಡುವ ಪದ್ಧತಿ ಅಲ್ಲಿದೆ.

ಡಬ್ಬಿಗಳನ್ನು ಎರಡು ಜಿಪ್ ಕವರಿಗೆ ಹಾಕಿ, ಗಟ್ಟಿ ಟಿಫಿನ್ ಡಬ್ಬಿಯಲ್ಲಿಟ್ಟು ಕೈಚೀಲದಲ್ಲೇ ತನ್ನಿ. ಅಗರು ಮರ ಸೈಟ್ಸ್ ಒಪ್ಪಂದದ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) 2ನೇ ಅನುಬಂಧದಲ್ಲಿದೆ. ಚಿಲ್ಲರೆ ಮಾರಾಟಕ್ಕೆ ಪ್ಯಾಕಾದ ಬತ್ತಿಗೆ ಅದರ ಪರವಾನಗಿ ಬೇಡ, ಮರದ ಚಕ್ಕೆಗೆ ನಿಯಮ ಬೇರೆ. ಚಕ್ಕೆಯ ಗೋಜಿಗೆ ಹೋಗಬೇಡಿ. ಚಕ್ಕೆ ಕಾಯಿಸಲು ಮಾರುವ, ತಕ್ಷಣ ಹೊತ್ತಿಕೊಳ್ಳುವ ಇದ್ದಿಲ ಬಿಲ್ಲೆಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ.

ಈಗ ಹಾಸಿಗೆ. ಒಬ್ಬರ 'ಶಿಕಿಬುಟೋನ್', ಅಂದರೆ ಅಡಿಗೆ ಹಾಸುವ ಫ್ಯೂಟಾನ್, 100×210 ಸೆಂಟಿಮೀಟರ್. ಮೂರು ಮಡಿಕೆ ಮಾಡಿದರೆ 100×70, ದಪ್ಪ 20 ಎಂದರೂ ಮೂರು ಅಳತೆ ಕೂಡಿ 190. ಹೆಚ್ಚಿನ ವಿಮಾನಗಳ ಮಿತಿ 158. ತಂದರೂ ಪ್ರಯೋಜನ ಕಡಿಮೆ: ಅಲ್ಲಿ ಕೆಳಗಿನ ತಾತಾಮಿ ಚಾಪೆ ಮೈಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಟೈಲ್ಸ್ ನೆಲ ಎಳೆಯುವುದಿಲ್ಲ. ದಿನಾ ಎತ್ತಿ ಗಾಳಿಗೆ ಹಾಕದಿದ್ದರೆ ಮಳೆಗಾಲದಲ್ಲಿ ಅಡಿಗೆ ಬೂಷ್ಟು ಹಿಡಿಯುತ್ತದೆ. ನಿಮ್ಮೂರಿನಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರಿಗೆ ಇದೇ ಅಳತೆ ಕೊಟ್ಟರೆ ಅದೇ ವಸ್ತು ಸಿಗುತ್ತದೆ, ಐದಾರು ವರ್ಷಕ್ಕೆ ಮತ್ತೆ ಹಿಂಜಿಸಲೂಬಹುದು.

ತರಲೇಬೇಕೆಂದರೆ, ಟವೆಲ್‌ಗೆ ಹೆಸರಾದ ಜಪಾನಿನ ಊರು ಇಮಾಬಾರಿಯ ಹತ್ತಿ ಟವೆಲ್ ಹೊದಿಕೆ ತನ್ನಿ. ಒಬ್ಬರದ್ದು ಸಾಮಾನ್ಯವಾಗಿ 140×190, ಮಡಚಿದರೆ ತೆಳ್ಳಗೆ ಕೂರುತ್ತದೆ, ಬೆಂಗಳೂರಿನ ಹವಾಮಾನಕ್ಕೂ ಸರಿ. ರಜಾಯಿ ಗವಸು ಕೊಳ್ಳುವುದಾದರೆ ಮನೆಯ ರಜಾಯಿಯನ್ನು ಅಳೆದುಕೊಂಡು ಹೋಗಿ. ಅಲ್ಲಿಯ ಒಬ್ಬರ ಗವಸು 150×210. ನಮ್ಮಲ್ಲಿ ಮಾರುವ 60×90 ಇಂಚಿನ ರಜಾಯಿ 152×229, ಹಾಗಾಗಿ ಉದ್ದದಲ್ಲಿ ಒಂದು ಗೇಣು ಮುದುಡಿ ಉಳಿಯುತ್ತದೆ. ಗವಸಿನ ಒಳಗೆ ಕಟ್ಟಲು ದಾರಗಳಿರುತ್ತವೆ. ನಮ್ಮ ರಜಾಯಿಗೆ ಅದಕ್ಕೆ ತಕ್ಕ ಕುಣಿಕೆ ಇಲ್ಲದಿದ್ದರೆ ನಾಲ್ಕು ಮೂಲೆಗೂ ಎರಡು ಉದ್ದ ಬದಿಗಳ ನಡುವಿಗೂ ಒಟ್ಟು ಆರು ಲಾಡಿ ಕುಣಿಕೆ ಹೊಲಿಸಿ, ಇಲ್ಲವಾದರೆ ರಜಾಯಿ ಒಳಗೇ ಮುದ್ದೆಯಾಗುತ್ತದೆ.