ಹೆರಿಗೆ ತಾರೀಖು ಒಂದು ತಿಂಗಳು ಜಾರುವುದೇಕೆ?

ಪ್ರಶ್ನೆ: ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳ ಸಭೆ ಮುಗಿದ ಮೇಲೆ 12 ಆಶಾ ಕಾರ್ಯಕರ್ತೆಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದೇನೆ. ಇರುವುದು ಮೂರೇ ಕಂಪ್ಯೂಟರ್. ಮೌಸ್ ಮುಟ್ಟಲು ಹೆದರುತ್ತಾರೆ. ಎಕ್ಸೆಲ್‌ನಲ್ಲಿ ಗರ್ಭಿಣಿಯರ ಪಟ್ಟಿ ಮಾಡಿಸಿದರೆ ಕೆಲವರ ಹೆರಿಗೆ ತಾರೀಖು ತಿಂಗಳು ಆಚೀಚೆ ಬರುತ್ತದೆ, ಕೆಲವರದಕ್ಕೆ ಲೆಕ್ಕವೇ ಬರುವುದಿಲ್ಲ. ಸೂತ್ರವೇನೋ ಸರಿಯಿದೆ.
— ಡೇಟಾ ಎಂಟ್ರಿ ಆಪರೇಟರ್, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ವಿಂಡೋಸ್ ಅಮೆರಿಕದ ಪದ್ಧತಿಯಲ್ಲಿರಬೇಕು: ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಕೊನೆಯ ಮುಟ್ಟಿನ ದಿನ 05/04/2025 ಎಂದು ಹೊಡೆದರೆ ಅದನ್ನು ಮೇ 4 ಎಂದು ಓದಿಕೊಳ್ಳುತ್ತದೆ. 280 ದಿನ ಕೂಡಿಸಿದಾಗ 2026ರ ಜನವರಿ 10 ಬರಬೇಕಾದಲ್ಲಿ ಫೆಬ್ರುವರಿ 8 ಬರುತ್ತದೆ. 13/04/2025 ಹೊಡೆದರೆ, ಹದಿಮೂರನೇ ತಿಂಗಳೇ ಇಲ್ಲವಲ್ಲ, ಅದು ಬರೀ ಅಕ್ಷರವಾಗಿ ಉಳಿಯುತ್ತದೆ. ಇದನ್ನು ಕಣ್ಣಲ್ಲೇ ಹಿಡಿಯಬಹುದು: ಅಸಲಿ ತಾರೀಖು ಮನೆಯ (ಸೆಲ್‌ನ) ಬಲಕ್ಕೆ ಕೂರುತ್ತದೆ, ಅಕ್ಷರವಾದದ್ದು ಎಡಕ್ಕೆ.

ಕಂಟ್ರೋಲ್ ಪ್ಯಾನೆಲ್‌ನ ರೀಜನ್‌ನಲ್ಲಿ ಇಂಗ್ಲಿಷ್ (ಇಂಡಿಯಾ) ಆರಿಸಿ, ಎಕ್ಸೆಲ್ ಮುಚ್ಚಿ ತೆರೆಯಿರಿ. ಹಳೆಯ ತಪ್ಪುಗಳು ತಾವಾಗಿ ತಿದ್ದಿಕೊಳ್ಳುವುದಿಲ್ಲ. ತಾಯಿ ಕಾರ್ಡ್ ನೋಡಿ ಮತ್ತೆ ಹೊಡೆಯಲೇಬೇಕು. ತಿಂಗಳನ್ನು ಅಂಕಿಯ ಬದಲು ಇಂಗ್ಲಿಷಿನ ಮೂರಕ್ಷರದಲ್ಲಿ ಬರೆಸಿದರೆ ಯಾವ ಯಂತ್ರದಲ್ಲೂ ಈ ಗೊಂದಲವಿಲ್ಲ. ಇನ್ನೊಂದು ಮಾತು: ಒಂಬತ್ತು ತಿಂಗಳು ಏಳು ದಿನ ಎಂದು ಬೆರಳೆಣಿಸುವವರಿಗೆ ಮೇಲಿನ ಉದಾಹರಣೆಯಲ್ಲಿ ಜನವರಿ 12 ಬರುತ್ತದೆ. ತಿಂಗಳುಗಳ ಉದ್ದ ಬೇರೆಬೇರೆಯಾದ್ದರಿಂದ ಈ ಎರಡು ದಿನದ ವ್ಯತ್ಯಾಸ ಸಹಜ, ಅವರನ್ನು ತಿದ್ದಲು ಹೋಗಬೇಡಿ.

ಬ್ಯಾಂಕ್ ಖಾತೆ ಸಂಖ್ಯೆಗೂ ಇಂಥದೇ ಕಾಟ. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ನೆನಪಿಡುತ್ತದೆ. 16 ಅಂಕಿಯ ಖಾತೆಯಾದರೆ ಕೊನೆಯದು ಸೊನ್ನೆಯಾಗುತ್ತದೆ, ಹಣ ತಡೆಯುತ್ತದೆ. ಮುಂದಿರುವ ಸೊನ್ನೆಗಳೂ ಮಾಯ. ಹೊಡೆಯುವ ಮುಂಚೆಯೇ ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಬದಲಿಸಿ. ಆಮೇಲೆ ಬದಲಿಸಿದರೆ ಹೋದ ಅಂಕಿ ವಾಪಸ್ ಬರದು.

ಮೌಸ್ ವಿಷಯ: ಬಹಳಷ್ಟು ಜನ ಸೋಲುವುದು ಡಬಲ್ ಕ್ಲಿಕ್‌ನಲ್ಲಿ, ಎರಡು ಒತ್ತುಗಳ ನಡುವೆ ಕೈ ಜಾರುತ್ತದೆ. ಅದನ್ನು ಕಲಿಸುವುದೇ ಬೇಡ; ಒಮ್ಮೆ ಒತ್ತಿ ಎಂಟರ್ ಹೊಡೆಯಲಿ, ಫೈಲ್ ತೆರೆಯುತ್ತದೆ. ಒಂದು ಕಂಪ್ಯೂಟರಿಗೆ ನಾಲ್ವರಂತೆ ಕೂರಿಸಿ, ಹತ್ತು ನಿಮಿಷಕ್ಕೊಮ್ಮೆ ಕುರ್ಚಿ ಬದಲಿಸಿ. ಚುರುಕಾದವರ ಕೈಗೇ ಮೌಸ್ ಉಳಿದುಬಿಡುವುದು ಇಂಥ ತರಗತಿಗಳ ದೊಡ್ಡ ರೋಗ. ನಿಮ್ಮ ಕೈ ಬೆನ್ನ ಹಿಂದಿರಲಿ.

ಅಭ್ಯಾಸಕ್ಕೆ ಕಲ್ಪಿತ ಹೆಸರುಗಳ ಹತ್ತು ಸಾಲು ಸಾಕು. ನಿಜವಾದ ಗರ್ಭಿಣಿಯರ ಪಟ್ಟಿ ಪೆನ್ ಡ್ರೈವ್‌ನಲ್ಲಾಗಲಿ ವಾಟ್ಸ್ಆ್ಯಪ್ ಗುಂಪಿನಲ್ಲಾಗಲಿ ಓಡಾಡಬಾರದು.