ನೀರಿನ ನೀಲಿ-ಹಸಿರು ಪಾಚಿ ವಿಷಕಾರಿಯೇ ಎಂದು ತಿಳಿಯಲು ಸೂಕ್ಷ್ಮದರ್ಶಕ ಸಾಲದೇ? ಡಿಎನ್‌ಎ ಪರೀಕ್ಷೆ ಏಕೆ?

ಸಾಲದು. ಮೈಕ್ರೋಸಿಸ್ಟಿಸ್ ಎಂಬ ಸಯನೋಬ್ಯಾಕ್ಟೀರಿಯಾದಲ್ಲಿ (ರೂಢಿಯಲ್ಲಿ ಪಾಚಿ ಎಂದರೂ ಅದು ಬ್ಯಾಕ್ಟೀರಿಯಾವೇ) ವಿಷ ತಯಾರಿಸುವ ತಳಿಯೂ ತಯಾರಿಸದ ತಳಿಯೂ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸವಿರುವುದು ಯಕೃತ್ತಿಗೆ ಹಾನಿ ಮಾಡುವ ಮೈಕ್ರೋಸಿಸ್ಟಿನ್ ವಿಷವನ್ನು ಕಟ್ಟುವ ಜೀನ್‌ಗಳಲ್ಲಿ.

ನೀರನ್ನು ಅತಿ ಸಣ್ಣ ರಂಧ್ರಗಳ ಶೋಧಕದ ಮೂಲಕ ಹಾಯಿಸಿ, ಅದರ ಮೇಲೆ ಉಳಿಯುವ ಹಸಿರು ಲೇಪದ ಜೀವಕೋಶಗಳನ್ನು ಒಡೆದು ಡಿಎನ್‌ಎ ಬೇರ್ಪಡಿಸುತ್ತಾರೆ. ಬಳಿಕ ಡಿಎನ್‌ಎ ತುಣುಕುಗಳನ್ನು ನಕಲು ಮಾಡುತ್ತಾ ಎಣಿಸುವ ಕ್ಯೂಪಿಸಿಆರ್ ಯಂತ್ರದಲ್ಲಿ, ಆ ವಿಷ ಕಟ್ಟುವ ಜೀನ್‌ಗಳಲ್ಲಿ ಒಂದಾದ ಎಂಸಿವೈಇ ಎಂಬ ಜೀನ್‌ನ ತುಣುಕು ಪ್ರತಿ ಸುತ್ತಿಗೂ ಸುಮಾರು ಇಮ್ಮಡಿಯಾಗುತ್ತಾ ಹೋಗುತ್ತದೆ. ಜೊತೆಗೆ ಬೆರೆಸಿದ ಪ್ರತಿದೀಪ್ತ ವಸ್ತುವಿನ ಬೆಳಕು ಎಷ್ಟು ಬೇಗ ನಿಗದಿತ ಮಟ್ಟವನ್ನು ಮುಟ್ಟುತ್ತದೆಯೋ, ಮೂಲ ಮಾದರಿಯಲ್ಲಿ ಆ ಜೀನ್‌ನ ಪ್ರತಿಗಳು ಅಷ್ಟು ಹೆಚ್ಚು ಇದ್ದವೆಂದು ಅರ್ಥ. 20ನೇ ಸುತ್ತಿನಲ್ಲಿ ಮುಟ್ಟಿದ ಮಾದರಿಯಲ್ಲಿ, 30ನೇ ಸುತ್ತಿನಲ್ಲಿ ಮುಟ್ಟಿದ್ದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಪ್ರತಿಗಳಿರುತ್ತವೆ. ಕೊಳೆತ ಎಲೆ, ಮಣ್ಣುಗಳಿಂದ ನೀರಿಗೆ ಸೇರುವ ಹ್ಯೂಮಿಕ್ ಆಮ್ಲಗಳು ಈ ಕ್ರಿಯೆಯನ್ನೇ ತಡೆಯಬಲ್ಲವಾದ್ದರಿಂದ, ಸೊನ್ನೆ ಬಂದಾಗ ಅದನ್ನು ಕೂಡಲೇ ನಂಬಬಾರದು.

ಅಮೆರಿಕದ ಒಹಾಯೊ ರಾಜ್ಯದ ಟೊಲೆಡೊ ನಗರದಲ್ಲಿ 2014ರ ಆಗಸ್ಟ್‌ನಲ್ಲಿ, ಈರಿ ಸರೋವರದಿಂದ ಬರುವ ನಲ್ಲಿ ನೀರಿನಲ್ಲಿ ಮೈಕ್ರೋಸಿಸ್ಟಿನ್ ಕಂಡುಬಂದು, ಕುದಿಸಿಯೂ ಕುಡಿಯಬೇಡಿ ಎಂದು ಸುಮಾರು ಮೂರು ದಿನ ಎಚ್ಚರಿಸಬೇಕಾಯಿತು. 2016ರಲ್ಲಿ ಒಹಾಯೊ ರಾಜ್ಯ ಸಾರ್ವಜನಿಕ ನೀರು ಸರಬರಾಜಿನ ನಿಯಮಗಳಲ್ಲಿ ಜೀನ್ ತಪಾಸಣೆಯನ್ನು ಸೇರಿಸಿತು.

ಆದರೆ ಜೀನ್ ಇದೆಯೆಂದ ಮಾತ್ರಕ್ಕೆ ವಿಷ ತಯಾರಾಗಿದೆ ಎಂದಲ್ಲ. ಕೋಶಗಳು ಸತ್ತು ಒಡೆದು ವಿಷವು ನೀರಿನಲ್ಲಿ ಕರಗಿರುವಾಗ ಜೀನ್ ಎಣಿಕೆ ಕಡಿಮೆಯನ್ನೇ ತೋರಿಸಬಹುದು. ಕುಡಿಯಬಹುದೇ ಎಂಬುದನ್ನು ತೀರ್ಮಾನಿಸಲು ಎಲೈಸಾದಂತಹ (ಪ್ರತಿಕಾಯಗಳ ನೆರವಿನಿಂದ ವಿಷವನ್ನು ಗುರುತಿಸುವ) ಪರೀಕ್ಷೆಯಿಂದ ವಿಷವನ್ನೇ ಅಳೆಯಬೇಕು.