ಪೇಂಟಿನಿಂದ ಸೀಸ ತೆಗೆದುಬಿಟ್ಟರೆ ಆಯ್ತಲ್ವಾ?

ನಿಮ್ಮ ಪ್ರಶ್ನೆ ಹೀಗಿದೆ. ಪುಣೆಯ ಕೋಥ್ರೂಡ್‌ನಲ್ಲಿ ಹಳೆ ಫ್ಲ್ಯಾಟ್ ಕೊಂಡಿದ್ದೀರಿ. ಬಾಲ್ಕನಿಯ ಗ್ರಿಲ್ಲಿಗೆ ಬಣ್ಣ ಹೊಡೆಸಬೇಕು, ಮನೆಯಲ್ಲಿ ಎರಡು ವರ್ಷದ ಮಗು ಇದೆ. ಡಬ್ಬದ ಮೇಲೆ ‘ಸೀಸ 90 ಪಿಪಿಎಂ ಮೀರಿಲ್ಲ’, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲಿಗಿಂತ ಹೆಚ್ಚಿಲ್ಲ, ಅನ್ನುವುದನ್ನು ಓದಿ ತಲೆ ಕೆಟ್ಟಿದೆ. ವಿಷ ಅಂತ ಗೊತ್ತಿದ್ದ ಮೇಲೆ ಪೂರ್ತಿ ತೆಗೆದುಬಿಟ್ಟರೆ ಆಯ್ತಲ್ವಾ? ನಿಯಮ ಬಂದಾಗಲೆಲ್ಲ ಪೇಂಟ್ ಕಂಪನಿಯವರು ಟೈಮ್ ಕೊಡಿ, ಟೈಮ್ ಕೊಡಿ ಅಂತ ಯಾಕೆ ಗೋಗರೆಯುತ್ತಾರೆ?

ನಾನು ಧಾರವಾಡದಲ್ಲಿ ಬಿಎಸ್ಸಿ ಮುಗಿಸಿ ಮುಂಬೈಗೆ ಬಂದವನು. ಮನೆ ಡೊಂಬಿವಲಿಯಲ್ಲಿ. ಕೆಲಸ ಅಂಬರನಾಥದ ಎಂಐಡಿಸಿಯಲ್ಲಿ, ಅಂದರೆ ಸರ್ಕಾರಿ ಕೈಗಾರಿಕಾ ಪ್ರದೇಶದಲ್ಲಿ, ಒಂದು ಸಣ್ಣ ಪೇಂಟ್ ಕಾರ್ಖಾನೆಯ ಲ್ಯಾಬಿನಲ್ಲಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಯ್ತು. ಅಂದರೆ ಗೋಗರೆದವರಲ್ಲಿ ನಾನೂ ಒಬ್ಬ. ಆ ಗೋಳಿನಲ್ಲಿ ಅರ್ಧ ನಾಟಕ, ಅರ್ಧ ನಿಜವಾದ ಕಷ್ಟ. ಎರಡನ್ನೂ ಹೇಳುತ್ತೇನೆ.

ಕಷ್ಟ ಏನೆಂದರೆ, ಸೀಸ ಪೇಂಟಿನೊಳಗೆ ಸುಮ್ನೆ ಕೂತಿರಲಿಲ್ಲ. ಮೂರು ಕಡೆ ದುಡಿಯುತ್ತಿತ್ತು. ಲೆಡ್ ಕ್ರೋಮೇಟ್ ಆಗಿ ಹಳದಿ ಬಣ್ಣ ಕೊಡುತ್ತಿತ್ತು. ರೆಡ್ ಲೆಡ್ ಆಗಿ ಪ್ರೈಮರಿನಲ್ಲಿ ತುಕ್ಕು ತಡೆಯುತ್ತಿತ್ತು. ಮತ್ತೆ ಚೂರೇ ಚೂರು ಪ್ರಮಾಣದಲ್ಲಿ, ಡ್ರೈಯರ್ ಅನ್ನುವ ಹೆಸರಿನಲ್ಲಿ, ಎನಾಮೆಲ್ (ಗೇಟು, ಗ್ರಿಲ್ಲಿಗೆ ಹಚ್ಚುವ ಎಣ್ಣೆ ಪೇಂಟು) ಒಣಗಿಸುತ್ತಿತ್ತು. ಕಾನೂನು ತೆಗೆಯಲು ಹೇಳುವುದು ಒಂದು ಹೆಸರನ್ನು. ನಮಗೆ ಖಾಲಿಯಾಗುವುದು ಮೂರು ಕುರ್ಚಿ.

ನಮ್ಮ ದೇಶದ ನಿಯಮದ ಅಧಿಸೂಚನೆ ಬಂದದ್ದು 2016ರ ನವೆಂಬರ್ 1ಕ್ಕೆ. ಜಾರಿಯಾದದ್ದು ಸರಿಯಾಗಿ ಒಂದು ವರ್ಷಕ್ಕೆ, 2017ರ ನವೆಂಬರ್ 1ರಿಂದ. ಮನೆಗೆ ಮತ್ತು ಅಲಂಕಾರಕ್ಕೆ ಹಚ್ಚುವ ಪೇಂಟಿನಲ್ಲಿ ಸೀಸ 90 ಪಿಪಿಎಂ ದಾಟಬಾರದು. ಸೀಸದ ವಿಷಯದಲ್ಲಿ ದೇಶದ ಕಿವಿ ಹಿಂಡಿದವರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮುಖ್ಯರು. ಈ ಹೆಸರು ನಮ್ಮವರಿಗೇ ಗೊತ್ತಿಲ್ಲ, ಅದಕ್ಕೇ ಹೇಳಿದೆ.

ಆ ಒಂದು ವರ್ಷ ನಮ್ಮ ಲ್ಯಾಬಿನಲ್ಲಿ ಹೇಗೆ ಕಳೆಯಿತು ಅಂತ ಕೇಳಿ.

ಮೊದಲು ಹಳದಿ. ಗೇಟು, ಗ್ರಿಲ್ಲು, ಅಂಗಡಿ ಬೋರ್ಡಿಗೆ ಹೋಗುವ ಗೋಲ್ಡನ್ ಯೆಲ್ಲೋ ನಮ್ಮಲ್ಲಿ ಚೆನ್ನಾಗಿ ಓಡುತ್ತಿದ್ದ ಶೇಡ್. ಲೆಡ್ ಕ್ರೋಮೇಟಿನ ಗುಣ ನೋಡಿ: ಅಗ್ಗ, ಕಣ್ಣು ಕುಕ್ಕುವ ಹಳದಿ, ಒಂದೇ ಕೋಟ್ ಹಚ್ಚಿದರೆ ಕೆಳಗಿನ ಕಪ್ಪು ಪೂರ್ತಿ ಮುಚ್ಚುತ್ತದೆ. ಸೀಸದ ಜೊತೆ ಅದರಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಬೇರೆ ಇದೆ, ಅದೂ ವಿಷವೇ. ಬದಲಿಗೆ ಹನ್ಸಾ ಯೆಲ್ಲೋದಂಥ ಆರ್ಗ್ಯಾನಿಕ್ (ಇಂಗಾಲದಿಂದಾದ) ಪಿಗ್ಮೆಂಟ್, ಅಂದರೆ ಬಣ್ಣದ ಪುಡಿ, ಹಾಕಿದೆವು. ಬಣ್ಣವೇನೋ ಜೋರಾಗಿ ಬಂತು, ಆದರೆ ತೆಳು ವಾಯಿಲ್ ಸೀರೆಯ ಹಾಗೆ ಕೆಳಗಿನದೆಲ್ಲ ಕಾಣುತ್ತಿತ್ತು. ಮುಚ್ಚಲಿ ಅಂತ ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿ ಸೇರಿಸಿದರೆ ಗೋಲ್ಡನ್ ಹೋಗಿ ನಿಂಬೆಹಣ್ಣಾಯಿತು. ಬಿಸ್ಮತ್ ವನಡೇಟ್ ಅಂತ ಒಂದಿದೆ. ಮುಚ್ಚುತ್ತದೆ, ಬಿಸಿಲಿಗೆ ಹೆದರುವುದಿಲ್ಲ. ಬೆಲೆ ಕೇಳಿದ ಮಾಲೀಕರು ಕುರ್ಚಿಯಿಂದ ಎದ್ದು ಹೋದರು. ಕೊನೆಗೆ ಅದನ್ನು ಸ್ವಲ್ಪ, ಆರ್ಗ್ಯಾನಿಕ್ ಜಾಸ್ತಿ, ಐರನ್ ಆಕ್ಸೈಡ್ ಚಿಟಿಕೆ ಹಾಕಿ ಒಂದು ಶೇಡ್ ಕೂರಿಸಿದೆವು. ಹಳೆಯದರಷ್ಟು ಮುಚ್ಚಲಿಲ್ಲ. ಒಂದು ಕೋಟಿನ ಜಾಗದಲ್ಲಿ ಎರಡು ಬೇಕಾಯಿತು. ಪೇಂಟರುಗಳು ಬೈದರು.

ಆದರೆ ನಮ್ಮ ನಿದ್ದೆ ಕೆಡಿಸಿದ್ದು ಹಳದಿಯಲ್ಲ, ಡ್ರೈಯರ್.

ಎನಾಮೆಲ್ ಒಣಗುವುದು ಬಟ್ಟೆ ಒಣಗಿದ ಹಾಗಲ್ಲ. ಎಂಟಿಓ, ಅಂದರೆ ತೆಳು ಮಾಡಲು ಹಾಕುವ ಮಿನರಲ್ ಟರ್ಪೆಂಟೈನು, ಆರಿ ಹೋಗುವುದು ಮೊದಲ ಹಂತ ಅಷ್ಟೇ. ಆಮೇಲೆ ಅದರೊಳಗಿನ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಬೇಕು. ನಮ್ಮ ಕಡೆ ಅಗಸೆ ಎಣ್ಣೆ ಡಬ್ಬಿಯ ಬಾಯಲ್ಲಿ ಅಂಟಂಟಾಗಿ, ಆಮೇಲೆ ಗೋಂದಿನ ಹಾಗೆ ಕಟ್ಟಿಕೊಳ್ಳುತ್ತದಲ್ಲ, ಅದೇ ಕೆಲಸ ಇದು. ಅದು ಬೇಗ ಆಗಲಿ ಅಂತ ಲೋಹದ ಸಾಬೂನಿನಂಥ ಡ್ರೈಯರ್ ಹಾಕುತ್ತೇವೆ. ಕೋಬಾಲ್ಟ್ ಮೇಲ್ಮೈ ಒಣಗಿಸುತ್ತದೆ. ಸೀಸ ಒಳಗಿನವರೆಗೆ ಒಣಗಿಸುತ್ತಿತ್ತು, ಅದೂ ತೇವದ ಹವೆಯಲ್ಲಿ.

ಏಪ್ರಿಲ್‌ನಲ್ಲಿ ಸೀಸ ತೆಗೆದು ಜಿರ್ಕೋನಿಯಂ, ಕ್ಯಾಲ್ಸಿಯಂ ಹಾಕಿ ಪ್ಯಾನೆಲ್, ಅಂದರೆ ಪರೀಕ್ಷೆಯ ತಗಡಿನ ಮೇಲೆ ಪೇಂಟ್ ಎಳೆದೆವು. ಸಂಜೆಗೆಲ್ಲ ಖಡಕ್ ಒಣಗಿತ್ತು. ಖುಷಿಯಾಗಿ ಚಹಾ ತರಿಸಿದೆವು. ಜುಲೈ ಬಂತು. ಅಂಬರನಾಥದ ಮಳೆ ಗೊತ್ತಿಲ್ಲದಿದ್ದರೆ ಮಲೆನಾಡನ್ನು ನೆನೆಸಿಕೊಳ್ಳಿ. ಲ್ಯಾಬಿನಲ್ಲಿ ಕೆಲಸ ಮಾಡುವ ಮರಾಠಿ ಮಾಮಾ ಬೆಳಿಗ್ಗೆ ಪ್ಯಾನೆಲ್ ಹಿಡಿದು ಬಂದು, ‘ಸಾಹೇಬ, ಹಾ ಸುಕತ್ ನಾಹೀ’ ಅಂದರು. ಒಣಗ್ತಿಲ್ಲ. ಹೆಬ್ಬೆರಳು ಒತ್ತಿದರೆ ಗುರುತು ಹಾಗೇ ಉಳಿಯುತ್ತಿತ್ತು. ಕೋಬಾಲ್ಟ್ ಜಾಸ್ತಿ ಮಾಡಿದೆವು. ಮೇಲೆ ಕೆನೆ ಕಟ್ಟಿ, ಒಳಗೆ ಹಸಿಯಾಗೇ ಉಳಿದು, ಅಜ್ಜಿಯ ಕೆನ್ನೆಯ ಹಾಗೆ ಸುಕ್ಕು ಬಿತ್ತು. ಅದನ್ನು ಸರಿ ಮಾಡಲು ಜಿರ್ಕೋನಿಯಂ ಏರಿಸು, ಪೇಂಟನ್ನು ಹಿಡಿದಿಡುವ ಆಲ್ಕಿಡ್ ರೆಸಿನ್ ಬದಲಿಸು. ಹೀಗೆ ಗಣಪತಿ ಹಬ್ಬದವರೆಗೆ ನಡೆಯಿತು.

ಸರಿಯಾಯಿತು ಅಂದುಕೊಂಡ ಮೇಲೆ ಇನ್ನೊಂದು. ಪಿಗ್ಮೆಂಟುಗಳು ಡ್ರೈಯರನ್ನು ನಿಧಾನಕ್ಕೆ ತಮ್ಮ ಮೈಗೆ ಅಂಟಿಸಿಕೊಳ್ಳುತ್ತವೆ. ಇವತ್ತು ಆರು ಗಂಟೆಯಲ್ಲಿ ಒಣಗುವ ಪೇಂಟು, ಅಂಗಡಿಯ ಅಟ್ಟದ ಮೇಲೆ ಎಂಟು ತಿಂಗಳು ಕೂತರೆ ಎರಡು ದಿನವಾದರೂ ಒಣಗದೆ ಇರಬಹುದು. ಓವನ್‌ನಲ್ಲಿಟ್ಟು ಬೇಗ ಮುಪ್ಪು ಬರಿಸಿ ನೋಡುತ್ತೇವೆ. ಆದರೆ ಓವನ್ ಹೇಳುವುದಕ್ಕೂ ಅಂಗಡಿ ಹೇಳುವುದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ನಿಜವಾದ ಎಂಟು ತಿಂಗಳಿಗೆ ಬದಲಿ ಇಲ್ಲ. ನಾವು ಟೈಮ್ ಕೇಳುವುದರಲ್ಲಿ ಪ್ರಾಮಾಣಿಕವಾದ ಭಾಗ ಇದು.

ಇನ್ನು ಪೂರ್ತಿ ಸೊನ್ನೆ ಯಾಕಲ್ಲ ಅಂತ ಕೇಳಿದ್ದೀರಿ. 90 ಪಿಪಿಎಂ ಅಂದರೆ ಒಂದು ಕೆಜಿಯಲ್ಲಿ 90 ಮಿಲಿಗ್ರಾಂ. ಚಾಕ್ ಪುಡಿ, ಜಿಂಕ್ ಆಕ್ಸೈಡ್, ಕಾವಿಮಣ್ಣಿನಂಥ ಆಕ್ಸೈಡುಗಳು ನೆಲದಿಂದ ಬಂದ ವಸ್ತುಗಳು. ಅವುಗಳಲ್ಲೇ ಒಂದಿಷ್ಟು ಸೀಸ ಇರುತ್ತದೆ. ಲೆಡ್ ಕ್ರೋಮೇಟಿನ ತೂಕದಲ್ಲಿ ಶೇ. 64 ಸೀಸವೇ. ಕೆಜಿಗೆ ನೂರು ಗ್ರಾಂ ಹಾಕಿದ ಹಳೆ ಹಳದಿ ಅಂದರೆ 64,000 ಪಿಪಿಎಂ. ಈ ಎರಡು ಅಂಕಿಗಳ ಅಂತರ ನೋಡಿದರೆ, 90 ಅನ್ನುವುದು ‘ಬೇಕಂತ ಹಾಕಬೇಡಿ’ ಅನ್ನುವುದರ ಲೆಕ್ಕ ಅಂತ ತಿಳಿಯುತ್ತದೆ. ಅಮೆರಿಕದಲ್ಲೂ 2009ರಿಂದ ಇದೇ 90. ಹಾಗಂತ ಇದೇನು ಸಲೀಸಲ್ಲ. 500 ಕೆಜಿ ಬ್ಯಾಚಿಗೆ ಅಂಥ ಹಳೆ ಪೇಂಟು ಮುಕ್ಕಾಲು ಕೆಜಿ ಸೇರಿದರೆ ಸಾಕು, ಇಡೀ ಬ್ಯಾಚ್ ಫೇಲ್. ಬಣ್ಣ ಅರೆಯುವ ಬೀಡ್ ಮಿಲ್ಲಿನ ಸಂದಿಯಲ್ಲಿ, ಪೈಪಿನಲ್ಲಿ ಅಷ್ಟು ಉಳಿಯುವುದು ಏನೂ ದೊಡ್ಡದಲ್ಲ. ನಮ್ಮ ಮೊದಲ ‘ಸೀಸವಿಲ್ಲದ’ ಬ್ಯಾಚ್ ಹೀಗೇ ಫೇಲಾಯಿತು. ರೆಸಿಪಿಯಲ್ಲಿ ಸೀಸ ಇರಲಿಲ್ಲ, ಮಿಲ್ಲಿನಲ್ಲಿತ್ತು. ಕೊನೆಗೆ ಬೇರೆ ಮಿಲ್ ತರಿಸಬೇಕಾಯಿತು.

ಬೇರೆ ಮಿಲ್ ಯಾಕೆ, ಸೀಸವನ್ನೇ ಬಿಟ್ಟಾಯ್ತಲ್ಲ ಅನ್ನುತ್ತೀರಾ? ಇಲ್ಲಿದೆ ನಾಟಕದ ಅರ್ಧ. 2016ರ ನಿಯಮ ಮನೆ ಪೇಂಟಿಗೆ ಮಾತ್ರ, ಕೈಗಾರಿಕೆಯ ಪೇಂಟು ಅದರ ಹೊರಗೆ. ಒಂದೇ ಶೆಡ್ಡಿನಲ್ಲಿ ಎಡಗಡೆ ಸೀಸ ಇಲ್ಲದ್ದು, ಬಲಗಡೆ ಸೀಸ ಇರುವುದು ಅರೆಯಬಹುದು. ಇಂಡಸ್ಟ್ರಿಯಲ್ ಅಂತ ಬರೆದ ಡಬ್ಬ ಹಾರ್ಡ್‌ವೇರ್ ಅಂಗಡಿಯಿಂದ ಯಾರ ಗ್ರಿಲ್ಲಿಗೆ ಹೋಗುತ್ತದೆ ಅಂತ ನೋಡುವವರು ಯಾರು? ಇನ್ನೊಂದು ಮಾತು. ಅಮೆರಿಕ ಮನೆ ಪೇಂಟಿನ ಸೀಸವನ್ನು 600 ಪಿಪಿಎಂಗೆ ಕಟ್ಟಿಹಾಕಿದ್ದು 1978ರಲ್ಲಿ. ಅಂದರೆ ಜಿರ್ಕೋನಿಯಂ, ಆರ್ಗ್ಯಾನಿಕ್ ಹಳದಿ ಎಲ್ಲ ಪುಸ್ತಕದಲ್ಲಿ ಇದ್ದದ್ದೇ. ನಮ್ಮಂಥ ಸಣ್ಣವರು ಬೇರೆ ದಾರಿಯಿಲ್ಲ ಅಂದದ್ದು ಪೂರ್ತಿ ನಿಜವಲ್ಲ. ದಾರಿ ದುಬಾರಿಯಾಗಿತ್ತು, ಕಾನೂನು ಕತ್ತು ಹಿಡಿಯುವವರೆಗೆ ನಡೆಯುವ ಮನಸ್ಸಿರಲಿಲ್ಲ.

ನೀವು ಕೇಳದಿದ್ದರೂ ಇನ್ನೊಂದು ಹೇಳಬೇಕು. ‘ನೀರಿನ ಪೇಂಟು ತಗೊಂಡರೆ ಈ ರಗಳೆಯೇ ಇಲ್ಲವಲ್ಲ’ ಅಂತ ನಿಮ್ಮ ಪ್ರಶ್ನೆಯ ಕೆಳಗೆ ಯಾರೋ ಬರೆದಿದ್ದಾರೆ. ಸೀಸದ ಮಟ್ಟಿಗೆ ಬಹುಪಾಲು ಸರಿ. ವಾಸನೆಯೂ ಕಡಿಮೆ. ಗಾಳಿಗೆ ಹಾರುವ ದ್ರಾವಕಕ್ಕೆ ಯುರೋಪು 2010ರಿಂದ ಒಳಗೋಡೆಯ ಮ್ಯಾಟ್ ಪೇಂಟಿನಲ್ಲಿ ಲೀಟರಿಗೆ 30 ಗ್ರಾಂ ಮಿತಿ ಹಾಕಿದೆ. ಅಷ್ಟು ಕೆಳಗೆ ಹೋಗಬೇಕೆಂದರೆ ನೀರೇ ಗತಿ. ಆದರೆ ನೀರು ಬಂದಲ್ಲಿ ಜೀವ ಬರುತ್ತದೆ. ಎಮಲ್ಷನ್, ಅಂದರೆ ಈ ನೀರಿನ ಪೇಂಟು, ಮಂದವಾಗಲು ಹಾಕುವ ಸೆಲ್ಯುಲೋಸ್ ಬ್ಯಾಕ್ಟೀರಿಯಾಕ್ಕೆ ಒಳ್ಳೇ ಊಟ. ಮೇ ತಿಂಗಳಲ್ಲಿ ಡೊಂಬಿವಲಿಯ ಅಡುಗೆಮನೆಯಲ್ಲಿ ರಾತ್ರಿ ಇಟ್ಟ ದೋಸೆಹಿಟ್ಟು ಬೆಳಿಗ್ಗೆ ಪಾತ್ರೆ ಬಿಟ್ಟು ಹೊರಗೆ ಬಂದಿರುತ್ತದಲ್ಲ, ಹಾಗೆ ಡಬ್ಬದ ಮುಚ್ಚಳ ಉಬ್ಬುತ್ತದೆ. ತೆರೆದರೆ ಒಳಗೆ ನೀರು ಮಜ್ಜಿಗೆ, ಮೂಗು ಮುಚ್ಚುವ ನಾತ.

ಅದಕ್ಕೆ ಐಸೋಥಯಜೋಲಿನೋನ್ ಅನ್ನುವ ಜಾತಿಯ ಪ್ರಿಸರ್ವೇಟಿವ್ ಹಾಕುತ್ತೇವೆ. ಕೆಲವರ ಚರ್ಮಕ್ಕೆ ಅದು ಆಗುವುದಿಲ್ಲ. ಯುರೋಪಿನಲ್ಲಿ ಎಂಐಟಿ ಅನ್ನುವ ಬಗೆ ಬರೀ 15 ಪಿಪಿಎಂ ಮುಟ್ಟಿದರೂ ಅಲರ್ಜಿಯ ಎಚ್ಚರಿಕೆ ಬರೆಯಬೇಕು. ದ್ರಾವಕ ಓಡಿಸಲು ನೀರು ತಂದೆವು, ನೀರು ಕೆಡದಂತೆ ಕಾಪಾಡಲು ಕ್ರಿಮಿನಾಶಕ ತಂದೆವು, ಈಗ ಕ್ರಿಮಿನಾಶಕದ ಸರದಿ. ಎನಾಮೆಲ್ಲಿನ ಕಡೆಯೂ ಅದೇ ಕಥೆ. ಸೀಸ ಹೋದ ಮೇಲೆ ಭಾರ ಹೊತ್ತ ಕೋಬಾಲ್ಟ್ ಮೇಲೂ ಯುರೋಪಿನ ಕಣ್ಣು ಬಿದ್ದಿದೆ. ಡಬ್ಬದಲ್ಲಿ ಕೆನೆ ಕಟ್ಟದಿರಲಿ ಅಂತ ಹಾಕುವ ಮೆಕೋ ಅನ್ನುವ ರಾಸಾಯನಿಕ ಅಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿ ಸೇರಿದೆ.

ಹಡಗಿನ ಪೇಂಟಿನಲ್ಲಂತೂ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹಡಗಿನ ಅಡಿಗೆ ಚಿಪ್ಪು, ಪಾಚಿ ಹತ್ತದಿರಲಿ ಅಂತ ಟಿಬಿಟಿ ಅನ್ನುವ ತವರದ ಸಂಯುಕ್ತ ಹಾಕುತ್ತಿದ್ದರು. ಅಷ್ಟು ಒಳ್ಳೆಯ ಮದ್ದು ಇನ್ನೊಂದಿರಲಿಲ್ಲ. ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯ ಸಿಂಪಿ ಸಾಕಣೆ ಅದರಿಂದ ಹಾಳಾಯಿತು. 2001ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಗಿ 2008ರಲ್ಲಿ ಜಾರಿಗೆ ಬಂತು. ಆ ಜಾಗಕ್ಕೆ ತಾಮ್ರ ಬಂತು. ತಾಮ್ರಕ್ಕೆ ಬಗ್ಗದ ಪಾಚಿಗೆ ಅಂತ ಸೈಬ್ಯೂಟ್ರಿನ್ ಅನ್ನುವ ಪಾಚಿನಾಶಕ ಸೇರಿಸಿದರು. 2023ರ ಜನವರಿ 1ರಿಂದ ಅದನ್ನೂ ಹಚ್ಚುವ ಹಾಗಿಲ್ಲ. ವಾಸ್ಕೋದಲ್ಲಿ ಹಡಗು ಕಟ್ಟುವ ಕಡೆ ಕೆಲಸ ಮಾಡುವ ನನ್ನ ಕಾರವಾರದ ಗೆಳೆಯನೊಬ್ಬ ಈಗ ಸಿಲಿಕೋನ್ ಲೇಪನದ ಗುಣಗಾನ ಮಾಡುತ್ತಾನೆ. ಅದು ಕೊಲ್ಲುವುದಿಲ್ಲ, ಜಾರಿಸುತ್ತದೆ. ಹಡಗು ಓಡಿದಾಗ ಚಿಪ್ಪು ತಾನೇ ಕಳಚಿ ಬೀಳುತ್ತದೆ. ನನಗೆ ಈ ಧಂದೆಯಲ್ಲಿ ನಿಜವಾಗಿ ಹೊಸದು ಅನ್ನಿಸಿದ್ದು ಇಂಥವೇ. ಒಂದು ವಿಷದ ಕುರ್ಚಿಗೆ ಇನ್ನೊಂದನ್ನು ಕೂರಿಸದೆ, ಕುರ್ಚಿಯನ್ನೇ ತೆಗೆದವು. ಆದರೆ ದಡದಲ್ಲೇ ನಿಂತ ಹಡಗಿಗೆ ಅದು ಉಪಯೋಗವಿಲ್ಲ, ನೆನಪಿರಲಿ.

ಈಗ ನಿಮ್ಮ ಗ್ರಿಲ್ಲು. ಅಪಾಯ ಹೊಸ ಡಬ್ಬಕ್ಕಿಂತ ಹಳೆ ಪದರದಲ್ಲಿ ಜಾಸ್ತಿ. ಫ್ಲ್ಯಾಟ್ 2017ಕ್ಕಿಂತ ಹಿಂದಿನದು, ಹಾಗಾಗಿ ಕೆಳಗಿನ ಕೋಟುಗಳಲ್ಲಿ ಸೀಸ ಇದೆ ಅಂತಲೇ ಇಟ್ಟುಕೊಳ್ಳಿ. ಒಣ ಪಾಲಿಶ್ ಪೇಪರಿನಲ್ಲಿ ತಿಕ್ಕಲು, ಬೆಂಕಿಯಲ್ಲಿ ಸುಡಲು ಪೇಂಟರನ್ನು ಬಿಡಬೇಡಿ. ನೀರು ಹಾಕಿ ವಾಟರ್ ಪೇಪರಿನಲ್ಲೇ ತಿಕ್ಕಿಸಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಪೊರಕೆ ಮುಟ್ಟಬೇಡಿ. ಆ ಎರಡು ದಿನ ಮಗುವನ್ನು ಅಜ್ಜಿ ಮನೆಗೆ ಕಳಿಸಿದರೆ ಒಳ್ಳೆಯದು. ಮಗು ಈಗಾಗಲೇ ಗ್ರಿಲ್ಲು ಕಚ್ಚುವ ಅಭ್ಯಾಸದ್ದಾದರೆ ಮಕ್ಕಳ ಡಾಕ್ಟರಿಗೆ ಹೇಳಿ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ.

ಪ್ರೈಮರ್ ಕೇಳುವಾಗ ಬರೀ ‘ರೆಡ್ ಆಕ್ಸೈಡ್’ ಅನ್ನಬೇಡಿ. ರೆಡ್ ಆಕ್ಸೈಡ್ ಅಂದರೆ ಕಬ್ಬಿಣದ ಆಕ್ಸೈಡು, ರೆಡ್ ಲೆಡ್ ಅಲ್ಲ, ಅದಕ್ಕೆ ಹೆದರಬೇಕಿಲ್ಲ. ಆದರೆ ಆ ಹೆಸರಿನಲ್ಲಿ ಜಿಂಕ್ ಕ್ರೋಮೇಟ್ ಬೆರೆತದ್ದೂ ಮಾರುತ್ತಾರೆ, ಅದರಲ್ಲೂ ಆ ವಿಷದ ಹೆಕ್ಸಾವೇಲೆಂಟ್ ಕ್ರೋಮಿಯಂ ಇದೆ. ಡಬ್ಬ ತಿರುಗಿಸಿ ಓದಿ, ಜಿಂಕ್ ಫಾಸ್ಫೇಟ್ ಇರುವುದನ್ನೇ ತಗೊಳ್ಳಿ. ಮೇಲಿನ ಕೋಟಿಗೆ ನೀರಿನ ಎನಾಮೆಲ್ ಆಗುತ್ತದೆ, ‘ಇಂಡಸ್ಟ್ರಿಯಲ್’ ಅಂತ ಬರೆದಿದ್ದರೆ ಬೇಡ. ಎಣ್ಣೆ ಎನಾಮೆಲ್ಲೇ ಬೇಕು ಅಂತ ಪೇಂಟರ್ ಹಠ ಹಿಡಿದರೆ ಮಳೆಗಾಲ ಮುಗಿಯುವವರೆಗೆ ಕಾಯಿರಿ. ಯಾಕೆ ಅಂತ ನಮ್ಮ ಮಾಮಾ ಹೇಳಿದ್ದಾರಲ್ಲ.